ಯಶೋಧರ ಚರಿತೆಯ ಪಂಜರದ ಹಕ್ಕಿಗಳು

ಜನ್ನ ಕವಿಯ ‘ಯಶೋಧರ ಚರಿತೆ’ ಕನ್ನಡ ಜೈನ ಮನೆತನಗಳಿಗೆ ಹೊಸದಾಗಿ ಪರಿಚಯಿಸಬೇಕಾದ ಕೃತಿಯಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ್ದ ಜನ್ನ 1209ರಲ್ಲಿ ಇದನ್ನು ರಚಿಸಿದನು. ಸೋಮದೇವಸೂರಿಯ ಯಶಸ್ತಿಲಕ (ಕ್ರಿ.ಶ. 959), ಅನಂತರದ ವಾದಿರಾಜನ ಸಂಸ್ಕೃತ ಕಾವ್ಯ ಮುಂತಾದವುಗಳಲ್ಲಿ ಹರಿದು ಬಂದ ಕಥೆಯನ್ನು ಅವನು ನಾಲ್ಕು ಅವತಾರಗಳ ಪುಟ್ಟ ಕಾವ್ಯವಾಗಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಹೇಳಿ ಮುಗಿಸಿದ್ದಾನೆ. ಈ ಕಾವ್ಯವನ್ನು ಕುರಿತ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ನಡೆದಿದೆ. ಒಂದು, ರಾಣಿ ಅಮೃತಮತಿ ಮಾವುತ ಅಷ್ಟಾವಂಕನಲ್ಲಿ ಮನಸ್ಸಿಟ್ಟುದರ ಮರ್ಮವೇನೆಂಬ ಚರ್ಚೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ (1980) ಬಂದ ಮೇಲೆ ಈ ದಾರಿ ಇನ್ನಷ್ಟು ಅಗಲವಾಯಿತು. ಎರಡು, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಮಾತ್ರಕ್ಕೆ ಅಷ್ಟು ಘೋರ ಫಲ ಏಕೆ ಎಂಬ ಸಂಕಲ್ಪ ಹಿಂಸೆಯ ವಿಚಾರ. ಈ ಎರಡೂ ಯೋಗ್ಯವಾದ ಚರ್ಚೆಗಳೇ. ಆದರೆ ಇವುಗಳ ನಡುವೆ ಕಾವ್ಯದ ಒಂದು ಮುಖ್ಯ ಅಂಶ ಓದುಗರ ಗಮನದಿಂದ ಜಾರಿಹೋಗಿದೆ. ಅದು ಮನುಷ್ಯರು ಪ್ರೀತಿಯಿಂದ ಸಾಕಿದ ಹಕ್ಕಿಗಳ ವಿಷಯ.

ಇಂದು ಈ ಅಂಶವನ್ನು ಮತ್ತೆ ನೋಡಬೇಕಾದ ಅಗತ್ಯವಿದೆ. ಪಂಜರದಲ್ಲಿ ಹಕ್ಕಿ ಸಾಕುವುದು, ಅವುಗಳಿಂದ ಮರಿ ಮಾಡಿಸುವುದು, ಬಣ್ಣ ಮತ್ತು ಮೈಕಟ್ಟು ನೋಡಿ ಪ್ರದರ್ಶನಕ್ಕೆ ಇಡುವುದು ದೊಡ್ಡ ನಗರಗಳ ಹವ್ಯಾಸವಾಗಿಯೇ ಉಳಿದಿಲ್ಲ. ಸಣ್ಣ ಊರುಗಳ ಮನೆಗಳಿಗೂ ಬಂದಿದೆ. ಈರುಳ್ಳಿ ಬೆಳ್ಳುಳ್ಳಿಯ ವಿಷಯದಲ್ಲಿ, ರಾತ್ರಿ ಭೋಜನದ ವಿಷಯದಲ್ಲಿ ಕಟ್ಟುನಿಟ್ಟಾಗಿರುವ ಮನೆಯ ಜಗಲಿಯಲ್ಲಿಯೂ ತಂತಿಯ ಪಂಜರವೊಂದು ತೂಗುತ್ತಿದ್ದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊಲ್ಲುವುದಿಲ್ಲವಲ್ಲ, ತಿನ್ನುವುದಿಲ್ಲವಲ್ಲ, ಕಾಳು ನೀರು ಕೊಟ್ಟು ಸಾಕುತ್ತೇವಲ್ಲ ಎಂಬುದು ಎಲ್ಲರ ಸಮಾಧಾನ. ಈ ಸಮಾಧಾನ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಜನ್ನನ ಕಾವ್ಯವೇ ತೂಗಿ ನೋಡಿದೆ.

ಮೊದಲ ಹಕ್ಕಿ, ಕೊನೆಯ ಹಕ್ಕಿ

ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಿಟ್ಟಿನ ಕೋಳಿಯ ಬಲಿಯ ಪಾಪದಿಂದ ಆರು ತಿರ್ಯಗ್ಜನ್ಮಗಳನ್ನು ಸುತ್ತುತ್ತಾರೆ. ಮೊದಲನೆಯ ಜನ್ಮದಲ್ಲಿ ಮಗ ನವಿಲಾಗುತ್ತಾನೆ, ತಾಯಿ ನಾಯಿಯಾಗುತ್ತಾಳೆ. ಕೊನೆಯ ಜನ್ಮದಲ್ಲಿ ಇಬ್ಬರೂ ಕೋಳಿಗಳಾಗುತ್ತಾರೆ. ನಡುವಿನ ಜನ್ಮಗಳಲ್ಲಿ ಕಾಡು, ನೀರು, ಕೊಟ್ಟಿಗೆಗಳ ಪ್ರಾಣಿಗಳಾಗಿ ಒಬ್ಬರನ್ನೊಬ್ಬರು ಕೊಲ್ಲುತ್ತಲೋ ಮನುಷ್ಯರ ಕೈಯಲ್ಲಿ ಸಾಯುತ್ತಲೋ ಸಾಗುತ್ತಾರೆ. ಈ ಸರಣಿಯ ಎರಡು ತುದಿಗಳಲ್ಲಿಯೂ ಮನುಷ್ಯ ಸಾಕಿದ ಹಕ್ಕಿಗಳೇ ಇವೆ ಎಂಬುದನ್ನು ಗಮನಿಸಬೇಕು. ಕಥೆ ಪರಂಪರೆಯಿಂದ ಬಂದದ್ದೆಂಬುದು ನಿಜ. ಆದರೆ ಸಂಕ್ಷೇಪವೇ ಗುರಿಯಾಗಿದ್ದ ಜನ್ನನು ಬೇಡವಾದುದನ್ನು ಬಿಡಬಲ್ಲ ಕವಿ. ಈ ಎರಡು ತುದಿಗಳನ್ನು ಅವನು ಬಿಟ್ಟಿಲ್ಲ.

ನವಿಲು ಕಾಣಿಕೆಯಾಗಿ ಅರಮನೆಗೆ ಬರುತ್ತದೆ. ಆಗ ಉಜ್ಜಯಿನಿಯಲ್ಲಿ ಆಳುತ್ತಿರುವವನು ಯಶೋಧರನ ಮಗ ಯಶೋಮತಿ. ತನ್ನ ತಂದೆಯೇ ಈ ನವಿಲು ಎಂಬುದು ಅವನಿಗೆ ತಿಳಿಯದು. ಅದರ ಚೆಲುವಿಗೆ ಮೆಚ್ಚಿ ಸಾಕುತ್ತಾನೆ. ಅದೇ ಅರಮನೆಗೆ ಕಾಣಿಕೆಯಾಗಿ ಬಂದ ನಾಯಿಯನ್ನೂ ಸಾಕುತ್ತಾನೆ. ಒಂದು ದಿನ ನವಿಲಿಗೆ ಹಿಂದಿನ ಜನ್ಮದ ನೆನಪು ಬಂದು ಮೇಲೆರಗುತ್ತದೆ, ಏಟು ತಿನ್ನುತ್ತದೆ. ನಾಯಿ ಅದನ್ನು ಹಿಡಿದು ಕೊಲ್ಲುತ್ತದೆ. ಸಿಟ್ಟಿಗೆದ್ದ ಅರಸ ನಾಯಿಯನ್ನು ಹೊಡೆದು ಕೊಲ್ಲುತ್ತಾನೆ. ಇಲ್ಲಿ ಅರಸನಿಗೆ ಆ ಎರಡು ಪ್ರಾಣಿಗಳ ಮೇಲೆ ದ್ವೇಷವಿರಲಿಲ್ಲ. ಅವನ ಅಕ್ಕರೆ ನಿಜವಾದದ್ದೇ. ಆದರೆ ತಾನು ಅಕ್ಕರೆಪಡುತ್ತಿರುವ ಜೀವ ಯಾವುದು, ಅದರ ಒಳಗೆ ಏನು ನಡೆಯುತ್ತಿದೆ ಎಂಬುದರ ಅರಿವು ಅವನಿಗೆ ಸ್ವಲ್ಪವೂ ಇರಲಿಲ್ಲ. ಅವನು ನೋಡಿದ್ದು ಗರಿಯನ್ನು ಮಾತ್ರ. ಸಾಕಿದವನ ಪ್ರೀತಿಯೊಂದೇ ಹಿಂಸೆಯನ್ನು ತಡೆಯಲಾರದೆಂಬ ಮಾತನ್ನು ಜನ್ನ ಎಲ್ಲಿಯೂ ಉಪದೇಶವಾಗಿ ಹೇಳುವುದಿಲ್ಲ, ಘಟನೆಯೇ ಹೇಳುತ್ತದೆ.

ಕೊನೆಯ ಜನ್ಮದ ಕೋಳಿಗಳ ಕಥೆ ಇನ್ನೂ ತೀಕ್ಷ್ಣವಾಗಿದೆ. ಕೋಳಿಗಳು ಅರಸನ ತಳಾರನ ವಶದಲ್ಲಿ ಬೆಳೆಯುತ್ತವೆ. ವಸಂತಕಾಲದಲ್ಲಿ ಅರಸ ರಾಣಿ ಕುಸುಮಾವಳಿಯೊಡನೆ ವನಕ್ಕೆ ಬಂದಿದ್ದಾನೆ. ಅದೇ ವನದಲ್ಲಿದ್ದ ಅಕಂಪನ ಮುನಿಗಳೊಡನೆ ತಳಾರನಿಗೆ ಜೀವ ಮತ್ತು ದೇಹಗಳ ಬಗ್ಗೆ ಮಾತು ಬೆಳೆಯುತ್ತದೆ. ಮುನಿಗಳು ಆ ಕೋಳಿಗಳ ಪೂರ್ವಜನ್ಮಗಳನ್ನು ಹೇಳಿದಾಗ ಹಕ್ಕಿಗಳಿಗೆ ಜಾತಿಸ್ಮರಣೆಯುಂಟಾಗುತ್ತದೆ. ಅವು ವ್ರತವನ್ನು ಮನಸಾರೆ ಸ್ವೀಕರಿಸಿ ಸಂತೋಷದಿಂದ ಕೂಗುತ್ತವೆ. ಆ ಕೂಗು ಅರಸನ ಕಿವಿಗೆ ಬೀಳುತ್ತದೆ. ಶಬ್ದವೇಧಿ ವಿದ್ಯೆಯಲ್ಲಿ ತನ್ನ ಕೈ ಎಂತಹುದೆಂದು ರಾಣಿಗೆ ತೋರಿಸಲು ಅವನು ಸದ್ದು ಬಂದ ಕಡೆಗೆ ಬಾಣ ಬಿಡುತ್ತಾನೆ. ಎರಡೂ ಹಕ್ಕಿಗಳು ಸಾಯುತ್ತವೆ. ಕುಸುಮಾವಳಿಯ ಗರ್ಭದಲ್ಲಿಯೇ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಹುಟ್ಟುತ್ತವೆ.

ಈ ಕಾವ್ಯದಲ್ಲಿ ಕಿವಿಗೆ ಬಿದ್ದ ದನಿಗಳೇ ಕಥೆಯ ತಿರುವುಗಳು. ರಾಣಿ ಕೇಳಿದ ಮಾವುತನ ಹಾಡು ಮೊದಲನೆಯದು. ಕತ್ತಿ ತಗುಲಿದಾಗ ಹಿಟ್ಟಿನ ಕೋಳಿ ಕೂಗಿದ ಕೂಗು ಎರಡನೆಯದು. ವ್ರತ ಪಡೆದ ಕೋಳಿಗಳ ಕೂಗು ಮೂರನೆಯದು. ಮೂರನೆಯ ದನಿಯನ್ನು ಕೇಳಿದವರು ಇಬ್ಬರು. ಮುನಿಗಳಿಗೆ ಅದು ಒಂದು ಜೀವ ಎಚ್ಚರಗೊಂಡ ಸದ್ದು. ಅರಸನಿಗೆ ಅದು ಗುರಿ. ಹಕ್ಕಿಯ ಅತ್ಯಂತ ದೊಡ್ಡ ಸಂತೋಷ ಮನುಷ್ಯನ ಪ್ರದರ್ಶನಕ್ಕೆ ಒದಗಿದ ಸಾಮಗ್ರಿಯಾಯಿತು. ಆಹಾರಕ್ಕಾಗಿ ಅಲ್ಲ, ವೈರದಿಂದಲ್ಲ, ಪೂಜೆಗೂ ಅಲ್ಲ. ಕೇವಲ ತೋರಿಕೆಗಾಗಿ ಆದ ಹಿಂಸೆಯನ್ನು ಜನ್ನ ಸರಣಿಯ ಕೊನೆಯಲ್ಲಿ ಉಳಿಸಿಕೊಂಡಿರುವುದು ಅರ್ಥಪೂರ್ಣವಾಗಿದೆ.

ಬಂಧವೆಂಬ ಅತಿಚಾರ

ಕಾವ್ಯ ತೋರಿಸಿದುದನ್ನು ಶಾಸ್ತ್ರ ಹೆಸರಿಟ್ಟು ಹೇಳಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ. ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನ ತಡೆಯುವುದು ಇವೆಲ್ಲವೂ ಅದರಲ್ಲಿವೆ. ಆದರೆ ಪಟ್ಟಿಯ ಮೊದಲಲ್ಲಿರುವುದು ಬಂಧ. ಕನ್ನಡ ನಾಡಿನ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಹಗ್ಗ, ಸರಪಳಿ ಎಂದು ನಿಲ್ಲಿಸಿಲ್ಲ. ಜೀವಿಯು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವ ಕಾರಣವೇ ಬಂಧ ಎಂಬುದು ಅವರ ವ್ಯಾಖ್ಯಾನದ ತಾತ್ಪರ್ಯ. ಪಂಜರವೆಂಬ ವಸ್ತುವಿಗೆ ಇದಕ್ಕಿಂತ ಸರಿಯಾದ ಲಕ್ಷಣವನ್ನು ಹೇಳುವುದು ಕಷ್ಟ.

ಹವ್ಯಾಸಿಗಳು ಹಾರಿಹೋಗದಿರಲೆಂದು ರೆಕ್ಕೆಯ ಗರಿಗಳನ್ನು ಕತ್ತರಿಸುವುದುಂಟು. ಗರಿ ಉಗುರಿನಂತೆ, ನೋವಾಗುವುದಿಲ್ಲ, ಮತ್ತೆ ಬೆಳೆಯುತ್ತದೆ, ಆದ್ದರಿಂದ ಇದು ಛೇದವಲ್ಲ ಎಂದು ಅವರು ವಾದಿಸಬಹುದು. ಆ ಮಾತು ಒಪ್ಪತಕ್ಕದ್ದೇ. ಆದರೆ ಛೇದದಿಂದ ತಪ್ಪಿಸಿಕೊಂಡ ಆ ಕೆಲಸ ಬಂಧದ ಕೈಗೆ ಸಿಕ್ಕಿಬೀಳುತ್ತದೆ. ಪಂಜರ ಹಕ್ಕಿಯನ್ನು ಹೊರಗಿನಿಂದ ತಡೆಯುತ್ತದೆ. ಕತ್ತರಿಸಿದ ರೆಕ್ಕೆ ಅದರ ಮೈಯನ್ನೇ ಪಂಜರವಾಗಿಸುತ್ತದೆ.

ಕೊಟ್ಟಿಗೆಯ ಹಸುವನ್ನೂ ಕಟ್ಟುವುದಿಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಶ್ರಾವಕಾಚಾರ ಗ್ರಂಥಗಳು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ದನಕರುಗಳ ಜೀವನೋಪಾಯವನ್ನೇ ಬಿಡುವುದು, ಇಲ್ಲವೇ ಕಟ್ಟದೆ ಸಾಕುವುದು, ಅದೂ ಆಗದಿದ್ದರೆ ನಿರ್ದಯೆಯಿಲ್ಲದೆ ಕಟ್ಟುವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ. ಗೃಹಸ್ಥನ ಜೀವನಕ್ಕೆ ಅನಿವಾರ್ಯವಾದ ಕಡೆಯಲ್ಲಿಯೇ ಇಷ್ಟು ಎಚ್ಚರಿಕೆಯಿದ್ದರೆ, ಯಾವ ಪ್ರಯೋಜನವೂ ಇಲ್ಲದ ಬಂಧಕ್ಕೆ ಎಲ್ಲಿಯ ಅವಕಾಶ? ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂದು ಬೇರೆಯೇ ಹೆಸರಿದೆ.

ಇನ್ನೂ ಸ್ಪಷ್ಟವಾದ ನಿಷೇಧಗಳಿವೆ. ಆಚಾರ್ಯ ಅಮಿತಗತಿ ತಮ್ಮ ಶ್ರಾವಕಾಚಾರದಲ್ಲಿ ನಾಯಿ, ಬೆಕ್ಕು, ಕೋಳಿ, ನವಿಲು, ಗಿಳಿ, ಸಾರಿಕೆ ಮುಂತಾದವುಗಳನ್ನು ಹಿತವನ್ನು ಬಯಸುವವರು ಇಟ್ಟುಕೊಳ್ಳಬಾರದೆಂದಿದ್ದಾರೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹಣಕ್ಕಾಗಿ ಇಂಥವೇ ಪ್ರಾಣಿಪಕ್ಷಿಗಳನ್ನು ಸಾಕುವುದನ್ನು ಶ್ರಾವಕನು ತೊರೆಯಬೇಕಾದ ಹದಿನೈದು ವೃತ್ತಿಗಳ ಸಾಲಿಗೆ ಸೇರಿಸಿದ್ದಾರೆ. ಗಿಳಿಯೂ ಮೈನಾವೂ ಎರಡು ಪಟ್ಟಿಗಳಲ್ಲಿಯೂ ಇವೆ. ಎರಡು ಪಂಥಗಳು ಭಿನ್ನವಾಗಿ ಯೋಚಿಸುವ ವಿಷಯಗಳು ಎಷ್ಟೋ ಇರುವಾಗ, ಪಂಜರದ ಗಿಳಿಯ ವಿಷಯದಲ್ಲಿ ಅವು ಒಂದಾಗಿವೆ.

ಹವ್ಯಾಸದ ಒಳಗಿನ ವ್ಯವಹಾರ

ಹವ್ಯಾಸಿಗಳ ವಾದವನ್ನು ಕೇಳದೆ ತೀರ್ಮಾನಿಸುವುದು ಅನೇಕಾಂತವಾದಿಗಳಿಗೆ ತಕ್ಕುದಲ್ಲ. ಅವರ ಮೊದಲನೆಯ ವಾದ, ಹಕ್ಕಿ ಹಾಡುತ್ತದೆ, ಆದ್ದರಿಂದ ಸುಖವಾಗಿದೆ ಎಂಬುದು. ಕ್ಯಾನರಿ ಹಕ್ಕಿಯಲ್ಲಿ ಹೆಚ್ಚಾಗಿ ಹಾಡುವುದು ಗಂಡು. ಜೊತೆಗಾತಿಯನ್ನು ಕರೆಯಲು, ತನ್ನ ನೆಲೆಯನ್ನು ಸಾರಲು ಅದು ಹಾಡುತ್ತದೆ. ಹೆಚ್ಚು ಹಾಡಲೆಂದೇ ಗಂಡನ್ನು ಒಂಟಿಯಾಗಿ ಇಡುವ ಪದ್ಧತಿ ಸಾಕುವವರಲ್ಲಿದೆ. ಕರೆಗೆ ಉತ್ತರವಿಲ್ಲದಿರುವುದೇ ಮನೆಯವರು ಸವಿಯುವ ಗಾನ. ದನಿ ಕೇಳಿತು, ಅರ್ಥವಾಗಲಿಲ್ಲ. ಈ ಮಟ್ಟಿಗೆ ಪಂಜರದ ಒಡೆಯನೂ ಯಶೋಮತಿಯೂ ಒಂದೇ.

ಎರಡನೆಯ ವಾದ ಹೆಚ್ಚು ಬಲವುಳ್ಳದ್ದು. ಜನ ಲವ್‌ಬರ್ಡ್ಸ್ ಎಂದು ಕರೆಯುವ ಬಜರಿಗಾರ್ ಹಕ್ಕಿಗಳನ್ನು ಕಾಡಿನಿಂದ ಹಿಡಿದು ತಂದಿಲ್ಲ. ಅವುಗಳ ಮೂಲ ಆಸ್ಟ್ರೇಲಿಯ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಅವು ಪಂಜರಗಳಲ್ಲಿಯೇ ತಲೆಮಾರುಗಳಿಂದ ಹುಟ್ಟಿ ಬೆಳೆದಿವೆ. ಹೊರಗೆ ಬಿಟ್ಟರೆ ಬದುಕುವುದಿಲ್ಲ, ಆದ್ದರಿಂದ ಸಾಕುವುದೇ ದಯೆ ಎನ್ನುತ್ತಾರೆ. ಈಗಾಗಲೇ ಹುಟ್ಟಿರುವ ಹಕ್ಕಿಯ ಮಟ್ಟಿಗೆ ಈ ಮಾತು ಸತ್ಯ. ಆದರೆ ಹವ್ಯಾಸ ಅಲ್ಲಿಗೆ ನಿಲ್ಲುವುದಿಲ್ಲ. ಒಂದು ಜೋಡಿ ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆಯಿಡುತ್ತದೆ, ಸುಮಾರು 18 ದಿನ ಕಾವು ಕೊಡುತ್ತದೆ, ತಿಂಗಳೊಳಗೆ ಅಥವಾ ಸ್ವಲ್ಪ ಮೇಲೆ ಮರಿಗಳು ಗೂಡು ಬಿಡುತ್ತವೆ. ಕಾಡಿನಲ್ಲಿ ಈ ಹಕ್ಕಿ ಹಸಿರು. ನೀಲಿ, ಹಳದಿ, ಬಿಳಿ ಬಣ್ಣಗಳನ್ನು ಮನುಷ್ಯನೇ ಆಯ್ದು, ಹತ್ತಿರದ ರಕ್ತಸಂಬಂಧದ ಜೋಡಿಗಳನ್ನು ಕೂಡಿಸಿ ನಿಲ್ಲಿಸಿದ್ದಾನೆ. ಬಣ್ಣ ಬಾರದ ಮರಿಗೆ ಪ್ರದರ್ಶನದಲ್ಲಿ ಸ್ಥಾನವಿಲ್ಲ, ಅಂಗಡಿಗೆ ಹೋಗುತ್ತದೆ. ಹುಟ್ಟಿದ ಜೀವವನ್ನು ಕಾಪಾಡುವುದು ದಯೆ. ಬಂಧನದಲ್ಲಿಯೇ ಸಾಯಲೆಂದು ಇನ್ನಷ್ಟು ಜೀವಗಳನ್ನು ಹುಟ್ಟಿಸುವುದು ದಯೆಯಲ್ಲ. ಇವೆರಡನ್ನೂ ಒಂದೇ ಖಾತೆಗೆ ಜಮಾ ಮಾಡುವುದು ಲೆಕ್ಕದ ತಪ್ಪು.

ಪ್ರದರ್ಶನದ ಹಕ್ಕಿಯ ಕಾಲಿಗೆ ಒಂದು ಮುಚ್ಚಿದ ಬಳೆಯಿರುತ್ತದೆ. ಮರಿ ಕೆಲವೇ ದಿನಗಳದ್ದಾಗಿದ್ದಾಗ, ಪಾದ ಇನ್ನೂ ಮೃದುವಾಗಿರುವಾಗ ಅದನ್ನು ತೊಡಿಸುತ್ತಾರೆ. ಬೆಳೆದ ಮೇಲೆ ಅದು ಕಳಚಿ ಬರುವುದಿಲ್ಲ. ವರ್ಷ, ಸಾಕಿದವರ ಗುರುತು ಅದರ ಮೇಲಿರುತ್ತವೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800–01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಗಾಜಿನ ಕುಲುಮೆಗಳ ವಿಷಯವನ್ನು ಬರೆದಿಟ್ಟಿದ್ದಾನೆ. ಮತ್ತೋಡಿನ ಬಳೆ ತೊಟ್ಟವರ ಕೈಗೆ ಸಂಭ್ರಮ, ಬೇಡವೆಂದಾಗ ತೆಗೆಯಬಹುದು. ಹಕ್ಕಿಯ ಕಾಲಿನ ಬಳೆ ಒಡೆತನದ ಮುದ್ರೆ. ತೊಟ್ಟ ಹಕ್ಕಿಗೆ ಅದರಿಂದ ಯಾವ ಸಂಭ್ರಮವೂ ಇಲ್ಲ.

ಅದೇ ಮತ್ತೋಡು ಸೀಮೆಯ ತೆಂಗಿನ ತೋಟಗಳಲ್ಲಿ ಗಿಳಿಗಳು, ಸಾಮೆ ನವಣೆಯ ಹೊಲಗಳಲ್ಲಿ ರಾಟವಾಳದ ಹಿಂಡುಗಳು ಯಾರ ಕಾಲುಂಗುರವೂ ಇಲ್ಲದೆ ಹಾರಾಡುತ್ತವೆ. ಹೊಸದುರ್ಗ ತಾಲ್ಲೂಕಿನದೇ ಆದ ಹೆಗ್ಗೆರೆಯಲ್ಲಿ ಹನ್ನೆರಡನೆಯ ಶತಮಾನದ ಹೊಯ್ಸಳ ಶೈಲಿಯ ಪಾರ್ಶ್ವನಾಥ ಬಸದಿಯಿದೆ. ಜನ್ನನ ಕಾಲಕ್ಕೆ ಹತ್ತಿರದ ಆ ಬಸದಿಗೆ ದರ್ಶನಕ್ಕೆ ಹೋಗುವ ಮಕ್ಕಳಿಗೆ ಹಕ್ಕಿ ತೋರಿಸಬೇಕೆಂದರೆ ಪಂಜರ ಬೇಕಿಲ್ಲ. ದಾರಿಯಲ್ಲಿ ಐದು ನಿಮಿಷ ನಿಂತರೆ ಸಾಕು.

ಕಾನೂನು ಮತ್ತು ಧರ್ಮ

ದೇಶೀಯ ಹಕ್ಕಿಗಳ ವಿಷಯದಲ್ಲಿ ಕಾನೂನಿನ ಮಾತು ಖಚಿತವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ನಮ್ಮ ಗಿಳಿ, ಮೈನಾ, ರಾಟವಾಳಗಳಿಗೆ ರಕ್ಷಣೆಯಿದೆ. 1990ರ ದಶಕದ ಆರಂಭದಿಂದ ಅವುಗಳ ವ್ಯಾಪಾರ ನಿಷಿದ್ಧ. ಜಾತ್ರೆಗಳಲ್ಲಿ ಕಾಣುವ ಗಿಣಿಶಾಸ್ತ್ರದವರ ಗಿಳಿಯೂ ಈ ರಕ್ಷಣೆಗೆ ಸೇರಿದ್ದೇ. ವಿದೇಶೀ ಹಕ್ಕಿಗಳ ಮಟ್ಟಿಗೆ, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ, ಆಫ್ರಿಕದ ಬೂದು ಗಿಳಿಯಂತಹ ಪಟ್ಟಿಯಲ್ಲಿರುವ ಜಾತಿಗಳನ್ನು ಇಟ್ಟುಕೊಂಡವರು ಅವುಗಳ ಹುಟ್ಟು, ಸಾವು, ಹಸ್ತಾಂತರಗಳನ್ನು ಸರ್ಕಾರಕ್ಕೆ ತಿಳಿಸಬೇಕಾಗಿದೆ. ದೆಹಲಿ ಉಚ್ಚ ನ್ಯಾಯಾಲಯವು 2015ರ ಒಂದು ಆದೇಶದಲ್ಲಿ ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ, ಅವುಗಳನ್ನು ಸಣ್ಣ ಪಂಜರಗಳಲ್ಲಿ ಇಡಲು ಮನುಷ್ಯನಿಗೆ ಹಕ್ಕಿಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತ್ತು. ಆದರೂ ಬಜರಿಗಾರ್ ಸಾಕುವುದು ಅಪರಾಧವಲ್ಲ. ಅಪರಾಧವಲ್ಲದ್ದೆಲ್ಲ ಶ್ರಾವಕನಿಗೆ ಸಲ್ಲುತ್ತದೆಂದಾದರೆ ಅಣುವ್ರತಗಳ ಅಗತ್ಯವೇ ಇರುತ್ತಿರಲಿಲ್ಲ.

ಬಿಡುಗಡೆಯ ಪುಣ್ಯ

ಈ ವಿಮರ್ಶೆ ಹವ್ಯಾಸಿಗಳನ್ನು ಮಾತ್ರ ಮುಟ್ಟಿ ನಿಂತರೆ ಅಪೂರ್ಣ. ಪರ್ವದಿನಗಳಲ್ಲಿ, ಪಂಚಕಲ್ಯಾಣಗಳಲ್ಲಿ, ಹಿರಿಯರ ಪುಣ್ಯತಿಥಿಗಳಲ್ಲಿ ಮಾರಾಟಗಾರನಿಂದ ಹಕ್ಕಿಗಳನ್ನು ಕೊಂಡು ಹಾರಿಬಿಡುವ ರೂಢಿ ಕೆಲವೆಡೆ ಇದೆ. ಭಾವ ಶುದ್ಧವಾದದ್ದೇ. ನೇಮಿನಾಥ ಸ್ವಾಮಿಗಳು ತಮ್ಮ ವಿವಾಹಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳನ್ನು ಕಂಡು ವಿರಕ್ತರಾದ ಪ್ರಸಂಗ ಎಲ್ಲರ ಮನಸ್ಸಿನಲ್ಲಿದೆ. ಆದರೆ ವ್ಯಾಪಾರ ಬಲ್ಲ ಸಮಾಜಕ್ಕೆ ಬೇಡಿಕೆ ಮತ್ತು ಪೂರೈಕೆಯ ಸಂಬಂಧವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಿಡುಗಡೆಗೆ ಕೊಳ್ಳುವವರಿದ್ದಾರೆ ಎಂದು ತಿಳಿದ ದಿನದಿಂದಲೇ ಬಲೆ ಬೀಸುವವನು ಹೊಲಕ್ಕೆ ಹೋಗುತ್ತಾನೆ. ಹಿಡಿಯುವಾಗ, ಬುಟ್ಟಿಯಲ್ಲಿ ಒತ್ತಿ ಸಾಗಿಸುವಾಗ ಸತ್ತ ಹಕ್ಕಿಗಳ ಲೆಕ್ಕ ಹಾರಿಬಿಟ್ಟವರ ಕಣ್ಣಿಗೆ ಬೀಳುವುದಿಲ್ಲ. ಪಂಜರದಲ್ಲಿಯೇ ಹುಟ್ಟಿದ ವಿದೇಶೀ ಹಕ್ಕಿಯನ್ನು ಬಿಟ್ಟರಂತೂ ಅದಕ್ಕೆ ಆಹಾರ ಹುಡುಕಲು ಬಾರದು, ಕಾಗೆ ಹದ್ದುಗಳಿಂದ ತಪ್ಪಿಸಿಕೊಳ್ಳಲು ಬಾರದು. ನೇಮಿನಾಥರು ಆ ಪ್ರಾಣಿಗಳಿಗೆ ಬೆಲೆ ಕೊಟ್ಟು ಬಿಡಿಸಲಿಲ್ಲ. ಯಾವ ಕಾರಣಕ್ಕಾಗಿ ಅವುಗಳನ್ನು ಕೂಡಿಹಾಕಿದ್ದರೋ ಆ ವಿವಾಹವನ್ನೇ ತೊರೆದರು. ಬಿಡುಗಡೆಯ ನಿಜವಾದ ಕ್ರಮ ಅದು.

ಬಸದಿಗಳ ಆಡಳಿತ ಮಂಡಳಿಗಳ ಮುಂದೆ ಎರಡು ಮಾದರಿಗಳಿವೆ. ಮೈಸೂರಿನ ಅವಧೂತ ದತ್ತಪೀಠದ ಶುಕವನ ಗಾಯಗೊಂಡ, ಕೈಬಿಟ್ಟ ಹಕ್ಕಿಗಳಿಗೂ ಆಸರೆ ಕೊಡುವ ದೊಡ್ಡ ಪಕ್ಷಿಧಾಮ. 2017ರಲ್ಲಿ 468 ಜಾತಿಯ ಹಕ್ಕಿಗಳಿಗಾಗಿ ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿಯ ಶುಶ್ರೂಷೆಯನ್ನು ಗೌರವಿಸಲೇಬೇಕು. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರಕ್ಕೆ ಹೊಂದಿಕೊಂಡ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆ ಇನ್ನೊಂದು ಮಾದರಿ. ಸುಮಾರು ಒಂದು ಶತಮಾನದಿಂದ ನಡೆದುಬಂದಿದೆ. ಗುಣವಾದ ಹಕ್ಕಿಯನ್ನು ಹಾರಿಬಿಡುವುದು ಅಲ್ಲಿಯ ಪದ್ಧತಿ. ಮೊದಲನೆಯ ಕಡೆ ಒಳಗಿರುವ ಹಕ್ಕಿಗಳ ಸಂಖ್ಯೆ ಕೀರ್ತಿಯಾಗುತ್ತದೆ, ಎರಡನೆಯ ಕಡೆ ಹೊರಗೆ ಹೋದ ಹಕ್ಕಿಗಳ ಸಂಖ್ಯೆ. ಯಾತ್ರಿಕರನ್ನು ಆಕರ್ಷಿಸಲು ಕ್ಷೇತ್ರದಲ್ಲಿ ಪಕ್ಷಿಗೃಹ ಕಟ್ಟಿಸೋಣವೆಂಬ ಸಲಹೆ ಬಂದಾಗ ಜೈನ ಮಂಡಳಿಗೆ ಯಾವುದು ಹೊಂದುತ್ತದೆ ಎಂಬುದಕ್ಕೆ ದೀರ್ಘ ಚರ್ಚೆ ಬೇಕಾಗಲಾರದು. ಆ ಹಣದಲ್ಲಿ ಆವರಣಕ್ಕೆ ನಾಲ್ಕು ಆಲ, ಅತ್ತಿ, ಬೇವಿನ ಗಿಡ ನೆಡಬಹುದು; ಬೇಸಗೆಯಲ್ಲಿ ಮಣ್ಣಿನ ತಟ್ಟೆಗಳಲ್ಲಿ ನೀರಿಡಬಹುದು; ಗಾಯಗೊಂಡ ಹಕ್ಕಿಯನ್ನು ಪಶುವೈದ್ಯರಲ್ಲಿಗೆ ಒಯ್ಯಲು ಒಬ್ಬರನ್ನು ನೇಮಿಸಬಹುದು.

ಮನೆಯಲ್ಲಿ ಈಗಾಗಲೇ ಪಂಜರವಿರುವವರು ಗಾಬರಿಯಿಂದ ಬಾಗಿಲು ತೆರೆದುಬಿಡುವುದು ಸರಿಯಲ್ಲ. ವಿದೇಶೀ ಹಕ್ಕಿಯಾದರೆ ರೆಕ್ಕೆ ಬಿಚ್ಚುವಷ್ಟು ದೊಡ್ಡ ಜಾಗವನ್ನು, ಜಾತಿಯ ಜೊತೆಯನ್ನು ಕೊಟ್ಟು ಅದರ ಆಯುಸ್ಸು ಮುಗಿಯುವವರೆಗೆ ನೋಡಿಕೊಳ್ಳಬೇಕು, ಮೊಟ್ಟೆಗೂಡು ಇಡಬಾರದು, ಅದು ತೀರಿಕೊಂಡ ಮೇಲೆ ಇನ್ನೊಂದನ್ನು ಕೊಳ್ಳಬಾರದು. ದೇಶೀಯ ಗಿಳಿಯಾದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಇದು ಹವ್ಯಾಸದಿಂದ ಹೊಣೆಗಾರಿಕೆಗೆ ಬರುವ ದಾರಿ.

ಹಕ್ಕಿಯ ಒಡನಾಟವೇ ಬೇಡವೆಂದು ನಮ್ಮ ಪುರಾಣಗಳು ಹೇಳಿಲ್ಲ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಜಟಾಯು ಮುನಿಗಳಿಂದ ಶ್ರಾವಕ ವ್ರತಗಳನ್ನು ಪಡೆದು ರಾಮ, ಸೀತೆ, ಲಕ್ಷ್ಮಣರ ಜೊತೆಯಲ್ಲಿ ವನದಲ್ಲಿ ವಾಸಿಸುತ್ತಾನೆ. ಅವನನ್ನು ಕಟ್ಟಿದವರಿಲ್ಲ, ಅವನಾಗಿಯೇ ಉಳಿದನು. ತೀರ್ಥಂಕರರ ಸಮವಸರಣಕ್ಕೂ ಹಕ್ಕಿಗಳು ತಾವಾಗಿಯೇ ಬರುತ್ತವೆ. ಜನ್ನನ ಕೋಳಿಗಳು, ಪದ್ಮಪುರಾಣದ ಜಟಾಯು, ಇವೆಲ್ಲ ಹಕ್ಕಿಯನ್ನು ಸಂಜ್ಞಿ ಪಂಚೇಂದ್ರಿಯ ಜೀವವೆಂದು, ವ್ರತಕ್ಕೆ ಅರ್ಹವಾದ ಆತ್ಮವೆಂದು ಕಂಡ ಪರಂಪರೆಯ ಸಾಕ್ಷಿಗಳು. ವ್ರತ ಪಡೆಯಬಲ್ಲ ಜೀವವನ್ನು ಬಹುಮಾನ ಪಡೆಯುವ ವಸ್ತುವಾಗಿ ನೋಡುವುದರಲ್ಲಿ ಆ ಜೀವಕ್ಕೆ ಆಗುವ ಹಾನಿ ಎಷ್ಟೋ, ನೋಡುವವನ ಸಮ್ಯಗ್ದರ್ಶನಕ್ಕೆ ಆಗುವ ಹಾನಿಯೂ ಅಷ್ಟೇ.

ಯಶೋಧರ ಚರಿತೆಯ ಕಥೆಯನ್ನು ನಿರೂಪಿಸುವವನು ಅಭಯರುಚಿ. ಹಿಂದಿನ ಜನ್ಮದಲ್ಲಿ ಬಾಣಕ್ಕೆ ಸಿಕ್ಕಿದ ಅದೇ ಕೋಳಿ ಈಗ ಬಲಿಪೀಠದ ಮುಂದೆ ನಿಂತು ಮಾರಿದತ್ತ ರಾಜನಿಗೆ ತನ್ನ ಕಥೆಯನ್ನು ಹೇಳುತ್ತಿದೆ, ರಾಜನು ಕತ್ತಿಯನ್ನು ಕೆಳಗಿಳಿಸಿ ಕೇಳುತ್ತಿದ್ದಾನೆ. ಈ ಕಾವ್ಯವನ್ನು ಮನೆಯಲ್ಲಿ ಓದಿಸುವವರು, ಬಸದಿಗಳಲ್ಲಿ ವಾಚನ ಮಾಡಿಸುವವರು ಈ ಸಂಗತಿಯನ್ನು ಮಕ್ಕಳಿಗೆ ವಿವರಿಸಿ ಹೇಳಬೇಕು. ಆಮೇಲೆ ಪಂಜರ ಬೇಕೋ ಬೇಡವೋ ಎಂಬುದನ್ನು ಮಕ್ಕಳೇ ತೀರ್ಮಾನಿಸಿಯಾರು.